ಶಾಲೆಯೂ ಫೋನಿನಲ್ಲಿ, ಭರತನಾಟ್ಯವೂ ಫೋನಿನಲ್ಲಿ: ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಕೇಳಿದವರು

ಮಗಳಿಗೆ 8 ವರ್ಷ. ಒಂದೂವರೆ ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ತಟ್ಟಡವು (ಪಾದ ತಟ್ಟುವ ಮೊದಲ ಹೆಜ್ಜೆಗಳು) ಮುಗಿದು ನಾಟ್ಟಡವು (ಕಾಲು ಚಾಚಿ ಹಿಮ್ಮಡಿ ಊರುವ ಹೆಜ್ಜೆಗಳು) ನಡೆಯುತ್ತಿತ್ತು. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ದು, ಈಗ ಅಕ್ಟೋಬರ್, ಏಳು ತಿಂಗಳಾಯಿತು. ಬೆಳಿಗ್ಗೆ ಮೂರು ಗಂಟೆ ಆನ್‌ಲೈನ್ ಪಾಠ, ಸಂಜೆ ಅದೇ ಫೋನಿನಲ್ಲಿ ಒಂದು ಗಂಟೆ ನೃತ್ಯ. ಮೊದಲೆಲ್ಲ ಕ್ಲಾಸಿಗೆ ಹೋಗಲು ಗಂಟೆ ಮುಂಚೆಯೇ ಸಿದ್ಧವಾಗಿ ಕೂರುತ್ತಿದ್ದ ಹುಡುಗಿ, ಈಗ ಲಿಂಕ್ ತೆರೆದ ಕೂಡಲೇ ಅಳುತ್ತಾಳೆ. ಜೊತೆಗೆ 4 ವರ್ಷದ ಮಗ ಬೇರೆ, ಅವಳು ಹೆಜ್ಜೆ ಹಾಕಿದರೆ ಕಾಲಿಗೆ ಅಡ್ಡ ಬರುತ್ತಾನೆ. ಸದ್ಯಕ್ಕೆ ನೃತ್ಯ ಬಿಡಿಸಿಬಿಡಲೇ? ಬಿಡಿಸಿದರೆ ಮತ್ತೆ ಹತ್ತುತ್ತಾಳೋ ಇಲ್ಲವೋ ಅಂತಲೂ ಭಯ. ಅನುಭವ ಇದ್ದವರು ದಯವಿಟ್ಟು ಹೇಳಿ.

11 ವರ್ಷದ ಹುಡುಗಿಯ ತಾಯಿ

ಬಿಡಿಸಬೇಡಿ. ಹಾಗಂತ ಈಗ ನಡೆಯುತ್ತಿರುವ ಹಾಗೇ ಮುಂದುವರಿಸಲೂ ಬೇಡಿ.

ನಮ್ಮಲ್ಲಿ ಇದೇ ಅಳು ಜೂನ್‌ನಲ್ಲಿ ಶುರುವಾಯಿತು. ಸೋಮಾರಿತನ ಅಂದುಕೊಂಡು ಗದರಿದೆ. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಸಂಜೆ ಕರೆಂಟ್ ಹೋಗಿ ಕ್ಲಾಸ್ ತಪ್ಪಿತು. ಮಬ್ಬುಗತ್ತಲಲ್ಲಿ ತಾನೇ ಬಾಯಲ್ಲಿ ಸೊಲ್ಲುಕಟ್ಟು (ಹೆಜ್ಜೆಯ ತಾಳಕ್ಕೆ ಹೇಳುವ ಅಕ್ಷರಗಳು) ಹೇಳಿಕೊಂಡು ಅರ್ಧ ಗಂಟೆ ಕುಣಿದಳು, ಬೆವರಿಳಿಯುವ ತನಕ. ಅಷ್ಟು ದಿನ ಅವಳು ದಣಿದದ್ದು ಪರದೆಗೆ ಅಂತ ಆಗ ನನಗೆ ಹೊಳೆಯಿತು.

ಮಾರನೇ ದಿನ ಗುರುಗಳಿಗೆ ಫೋನ್ ಮಾಡಿ ಏನೂ ಮುಚ್ಚಿಡದೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವರಿಗೂ ಹಾಗೇ ಅನ್ನಿಸುತ್ತಿತ್ತಂತೆ. ಒಂದು ಗಂಟೆಯ ಕ್ಲಾಸನ್ನು 25 ನಿಮಿಷಕ್ಕೆ ಇಳಿಸಿದರು. ಆ 25 ನಿಮಿಷದಲ್ಲಿ ಹೊಸದು ತೋರಿಸುವುದು, ತಪ್ಪು ತಿದ್ದುವುದು ಮಾತ್ರ. ಅಭ್ಯಾಸವೆಲ್ಲ ಪರದೆ ಇಲ್ಲದೆ. ಅದಕ್ಕೆಂದು ಪ್ರತಿ ಅಡವಿನ (ಕೈಕಾಲು ಕೂಡಿದ ಹೆಜ್ಜೆಯ) ಸೊಲ್ಲುಕಟ್ಟನ್ನು ಮೂರೂ ಕಾಲದಲ್ಲಿ, ಅಂದರೆ ಮೂರೂ ವೇಗದಲ್ಲಿ, ತಮ್ಮ ದನಿಯಲ್ಲೇ ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದರು. ನಾನು ಫೋನನ್ನು ಕಪಾಟಿನ ಮೇಲೆ ಬೋರಲು ಹಾಕಿ ಅದನ್ನು ಹಚ್ಚುತ್ತೇನೆ. ಅವಳ ಕಣ್ಣಿಗೆ ಏನೂ ಇಲ್ಲ, ಕಿವಿಗೆ ಗುರುಗಳ ದನಿ. ಕ್ಲಾಸಿನಲ್ಲಿ ಮುಂದೆ ನಿಂತ ದೊಡ್ಡ ಹುಡುಗಿಯನ್ನು ನೋಡಿ ಹೆಜ್ಜೆ ಹಾಕುತ್ತಿದ್ದವಳು ಈಗ ಕಿವಿಯಿಂದ ಹಾಕುತ್ತಾಳೆ, ತಾಳ ಮೊದಲಿಗಿಂತ ಗಟ್ಟಿಯಾಗಿದೆ.

ಹೊತ್ತನ್ನೂ ಬದಲಾಯಿಸಿದೆವು. ಸಂಜೆಯ ಬದಲು ಬೆಳಿಗ್ಗೆ ಶಾಲೆಯ ಪಾಠಕ್ಕೆ ಮುಂಚೆ 15 ನಿಮಿಷ ಅಡವು. ಮೈ ಬಿಸಿಯಾದ ಮೇಲೆ ಪಾಠಕ್ಕೆ ಕೂತರೆ ಕುರ್ಚಿಯಲ್ಲಿ ಹೊರಳಾಡುವುದು ಕಡಿಮೆ. ಇದು ನಮ್ಮ ಮನೆಯಲ್ಲಿ ಕಂಡದ್ದು, ನಿಮ್ಮಲ್ಲಿ ಬೇರೆಯಾಗಬಹುದು. ಮಧ್ಯೆ ಕಣ್ಣಿಗೆ ಬಿಡುವು ಕೊಡಿ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡುವುದು. ಕಣ್ಣಿನ ಡಾಕ್ಟರುಗಳು ಹೇಳುವ ಈ ಲೆಕ್ಕ ಮಕ್ಕಳಿಗೆ ಬೇಗ ನೆನಪಿರುತ್ತದೆ.

ನೃತ್ಯ ಕಲಿಸುವವರು

ಅಮ್ಮಂದಿರು ಹೀಗೆ ಬಿಚ್ಚಿ ಹೇಳಿದರೆ ನಮಗೆ ಎಷ್ಟು ಉಪಕಾರ ಗೊತ್ತೇ? ಪರದೆಯ ಈಚೆ ನನಗೆ ಕಾಣುವುದು ಬೆರಳಷ್ಟು ದೊಡ್ಡ ಮಕ್ಕಳು. ಕಣ್ಣಂಚಿನ ನೀರು ಕಾಣುವುದಿಲ್ಲ.

ಮೊದಲ ಎರಡು ತಿಂಗಳು ನಾನೂ ತಪ್ಪು ಮಾಡಿದೆ. ಕ್ಲಾಸಿನಲ್ಲಿ ಮಾಡಿಸುತ್ತಿದ್ದುದನ್ನೆಲ್ಲ ಹಾಗೇ ಎತ್ತಿ ಪರದೆಗೆ ತಂದೆ. ಹನ್ನೆರಡು ಮಕ್ಕಳು ಒಟ್ಟಿಗೆ ಹೆಜ್ಜೆ ಹಾಕಲಿ ಅಂತ ಹಟ ಹಿಡಿದೆ. ಅದು ಆಗುವ ಮಾತಲ್ಲ. ಒಂದನೇ ಕಾಲದಲ್ಲಿ ಸೆಕೆಂಡಿಗೆ ಒಂದು ಹೆಜ್ಜೆ ಅಂದುಕೊಳ್ಳಿ. ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಇಂಟರ್ನೆಟ್ಟಿನಲ್ಲಿ ದನಿ ಬರೀ ಕಾಲು ಸೆಕೆಂಡ್ ತಡವಾದರೂ ಮೂರನೇ ಕಾಲದಲ್ಲಿ ಒಂದು ಇಡೀ ಹೆಜ್ಜೆ ಜಾರಿತು. ಮಗು ತನಗೆ ಕೇಳಿದ ತಾಳಕ್ಕೆ ಸರಿಯಾಗಿಯೇ ಹಾಕಿರುತ್ತದೆ. ನನ್ನ ಕಡೆಗೆ ಬರುವಾಗ ಅದು ತಪ್ಪಾಗಿ ಕಾಣುತ್ತದೆ. ನಾನು "ತಾಳ ತಪ್ಪಿತು" ಅನ್ನುತ್ತೇನೆ, ಮಗು ಮುಖ ಚಿಕ್ಕದು ಮಾಡಿಕೊಳ್ಳುತ್ತದೆ. ಎಷ್ಟು ಮಕ್ಕಳಿಗೆ ಹೀಗೆ ಅನ್ಯಾಯ ಮಾಡಿದೆನೋ. ಈಗ ಪರದೆಯ ಮೇಲೆ ತಾಳ ತಿದ್ದುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಮಕ್ಕಳು ಅರ್ಧ ನಿಮಿಷದ ವಿಡಿಯೊ ಮಾಡಿ ಕಳಿಸುತ್ತಾರೆ. ಅದರಲ್ಲಿ ದನಿ, ಹೆಜ್ಜೆ ಎರಡೂ ಒಂದೇ ಕಡೆ ದಾಖಲಾಗಿರುವುದರಿಂದ ತಾಳ ನಿಜವಾಗಿ ಹೇಗಿದೆ ಅಂತ ತಿಳಿಯುತ್ತದೆ. ನಿಮ್ಮ ಗುರುಗಳಿಗೂ ಇದನ್ನು ಹೇಳಿ ನೋಡಿ.

ಇನ್ನು ಎಡ-ಬಲದ ಗೊಂದಲ. ನಾನು ಮಕ್ಕಳಿಗೆ ಎದುರಾಗಿ ನಿಂತರೆ ನನ್ನ ಬಲಗೈ ಅವರ ಎಡಕ್ಕೆ ಕಾಣುತ್ತದೆ. ಅದರ ಮೇಲೆ, ಮಗುವಿಗೆ ತನ್ನದೇ ಚಿತ್ರ ಕನ್ನಡಿಯ ಹಾಗೆ ತಿರುಗಿ ಕಾಣುತ್ತಿರುತ್ತದೆ. ಚಿಕ್ಕ ಮಕ್ಕಳು ಇದರಲ್ಲಿ ಕಂಗಾಲಾಗುತ್ತಾರೆ. ಹೊಸ ಅಡವು ತೋರಿಸುವಾಗ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಮಗುವಿನ ಪರದೆಯಲ್ಲಿ ಅದರ ಸ್ವಂತ ಚಿತ್ರ ಕಾಣದಂತೆ ಮಾಡಿಡಿ, ಆ್ಯಪ್‌ನಲ್ಲಿ ಆ ಸೌಲಭ್ಯ ಇರುತ್ತದೆ. ತನ್ನ ಮುಖವನ್ನೇ ನೋಡುತ್ತ ಕೂರುವುದೂ ಅದರಿಂದ ತಪ್ಪುತ್ತದೆ.

ಫೋನ್ ಇಡುವ ಜಾಗ ಬಹಳ ಮುಖ್ಯ. ಮಗುವಿನ ಸೊಂಟದ ಎತ್ತರಕ್ಕೆ, ತಲೆಯಿಂದ ಪಾದದವರೆಗೆ ಕಾಣುವಷ್ಟು ದೂರದಲ್ಲಿಡಿ. ನೆಲದ ಮೇಲಿಟ್ಟರೆ ಅರಮಂಡಿ (ಮೊಣಕಾಲು ಹೊರಕ್ಕೆ ಮಡಚಿ ಅರ್ಧ ಕೂತ ನಿಲುವು) ಎಷ್ಟು ಕೂತಿದ್ದಾಳೆ ಅಂತ ನಮಗೆ ಅಂದಾಜು ಸಿಗುವುದಿಲ್ಲ. ಕಿಟಕಿ ಬೆನ್ನ ಹಿಂದಿದ್ದರೆ ಬರೀ ನೆರಳು ಕಾಣುತ್ತದೆ, ಬೆಳಕು ಮುಂದಿನಿಂದ ಬರಲಿ. ವಾರಕ್ಕೊಮ್ಮೆ ಮಗುವನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ. ಬೆನ್ನು ಬಾಗಿದೆಯೋ, ಸೊಂಟ ಹಿಂದಕ್ಕೆ ಹೋಗಿದೆಯೋ, ಎದುರಿನಿಂದ ಗೊತ್ತಾಗುವುದೇ ಇಲ್ಲ. ಏಳು ತಿಂಗಳು ಹಾಗೇ ಬಿಟ್ಟರೆ ಆಮೇಲೆ ತಿದ್ದುವುದು ಕಷ್ಟ.

ಆದರೆ ಈ ಪರದೆ ನನಗೆ ಕೊಟ್ಟದ್ದೂ ಒಂದಿದೆ. ಕಣ್ಣು, ಕತ್ತು, ಕೈಬೆರಳು. ತಲೆಯ ಚಲನೆ ಅಂದರೆ ಶಿರೋಭೇದ 9, ಕಣ್ಣಿನ ದೃಷ್ಟಿಭೇದ 8, ಕತ್ತಿನ ಗ್ರೀವಾಭೇದ 4, ಒಂದೇ ಕೈಯ ಮುದ್ರೆಗಳು ಅಂದರೆ ಅಸಂಯುತ ಹಸ್ತ 28. ದೊಡ್ಡ ಕ್ಲಾಸಿನಲ್ಲಿ ಹಿಂದಿನ ಸಾಲಿನ ಮಗುವಿನ ಉಂಗುರ ಬೆರಳು ಮಡಚಿದೆಯೋ ಇಲ್ಲವೋ ನೋಡಲು ಆಗುತ್ತಿರಲಿಲ್ಲ. ಇಲ್ಲಿ ಪ್ರತಿ ಮಗುವೂ ಮೊದಲ ಸಾಲು. ಕ್ಯಾಮೆರಾಕ್ಕೆ ಹತ್ತಿರ ಕೂರಿಸಿ, ಪತಾಕ ಮತ್ತು ತ್ರಿಪತಾಕ ಹಸ್ತಗಳ ಆ ಒಂದು ಬೆರಳಿನ ವ್ಯತ್ಯಾಸವನ್ನು ಒಬ್ಬೊಬ್ಬರಲ್ಲೂ ನೋಡಿದೆ. ಮುಂದೆ ಮಾಸ್ಕ್ ಹಾಕಿಕೊಂಡೇ ಕ್ಲಾಸಿಗೆ ಬರುವ ದಿನ ಬಂದರೆ ಮುಖದಲ್ಲಿ ಕಣ್ಣಷ್ಟೇ ಉಳಿಯುತ್ತದೆ. ಮನೆಯಲ್ಲಿ ಪೂರ್ತಿ ಮುಖ ಕಾಣುತ್ತಿರುವಾಗ ಅಭಿನಯದ ಪಾಠ ಮಾಡಿಬಿಡೋಣ ಅಂತ ನನ್ನ ಆಸೆ. ನಿಮ್ಮ ಮಗಳು ನಾಟ್ಟಡವಿನ ಹೆಜ್ಜೆಗೆ ಅಳುತ್ತಿದ್ದರೆ ಸದ್ಯ ಹಸ್ತ, ದೃಷ್ಟಿಗಳ ಕಡೆ ತಿರುಗಿಸಲು ಕೇಳಿ. ಕೂತು ಮಾಡಬಹುದು, ತಮ್ಮನೂ ಜೊತೆಗೆ ಕೂರುತ್ತಾನೆ.

ಒಂದು ಮಾತು ಸಂಕೋಚದಿಂದಲೇ ಹೇಳುತ್ತೇನೆ. ಕ್ಲಾಸಿನ ಹೊತ್ತು ಕಡಿಮೆಯಾಯಿತೆಂದು ಶುಲ್ಕ ಕಡಿಮೆ ಮಾಡಬೇಡಿ. ಕಾರ್ಯಕ್ರಮಗಳು ನಿಂತಿವೆ, ಜೊತೆಗೆ ನುಡಿಸುವ ಮೃದಂಗದವರಿಗೆ ಕೆಲಸವಿಲ್ಲ. ವಿಡಿಯೊ ನೋಡಿ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕಳಿಸಲು ನನಗೆ ಹಿಂದಿಗಿಂತ ಹೆಚ್ಚು ಸಮಯ ಹಿಡಿಯುತ್ತಿದೆ.

ಒಬ್ಬ ತಂದೆ

ದನಿಯ ವಿಷಯಕ್ಕೆ ಒಂದು ಸೇರಿಸುತ್ತೇನೆ. ಗುರುಗಳು ತಾಳಕ್ಕೆ ಮಣೆಯ ಮೇಲೆ ಕೋಲು ತಟ್ಟುವ ಸದ್ದು ನಮ್ಮ ಮಗನಿಗೆ ಬಿಟ್ಟು ಬಿಟ್ಟು ಕೇಳುತ್ತಿತ್ತು. ನೆಟ್ ಸರಿಯಿಲ್ಲ ಅಂತ ದಿನಾ ಬೈದುಕೊಂಡೆ. ಕಾರಣ ಬೇರೆ. ಈ ಆ್ಯಪ್‌ಗಳು ಮಾತಾಡಲು ಮಾಡಿದವು. ಮಾತಲ್ಲದ ಸದ್ದನ್ನೆಲ್ಲ ಗಲಾಟೆ ಅಂತ ತೆಗೆದುಹಾಕುತ್ತವೆ, ಕೋಲಿನ ಪೆಟ್ಟು, ತಾಳದ ಸದ್ದು ಎಲ್ಲ ಅದರಲ್ಲೇ ಹೋಗುತ್ತದೆ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದು ಆಯ್ಕೆ ಇದೆ. ಗುರುಗಳ ಕಡೆ ಅದನ್ನು ಹಾಕಿದರೆ ಈ ಕತ್ತರಿ ನಿಲ್ಲುತ್ತದೆ. ಮಕ್ಕಳೆಲ್ಲ ಮ್ಯೂಟ್ ಆಗಿರಬೇಕು. ಗುರುಗಳಿಗೆ ಇದನ್ನು ತೋರಿಸಿಕೊಟ್ಟದ್ದು ನಮ್ಮ ಮಗನೇ, 12 ವರ್ಷದವನು. ಅವತ್ತಿನಿಂದ ಅವನು ಕ್ಲಾಸ್ ತಪ್ಪಿಸಿಲ್ಲ.

ಬಿಡಿಸಿದ ಒಬ್ಬ ತಾಯಿ

ಎಲ್ಲರೂ ಬಿಡಿಸಬೇಡಿ ಅನ್ನುತ್ತಿರುವಲ್ಲಿ ನಾನು ಬಿಡಿಸಿದವಳು. ಮೂರು ತಿಂಗಳು. ಮನೆಯಲ್ಲಿ ಇಬ್ಬರಿಗೆ ಕೋವಿಡ್ ಆಗಿತ್ತು, ಆಗ ನೃತ್ಯ ಯಾರಿಗೆ ಬೇಕು? ಗುರುಗಳಿಗೆ ಹೇಳಿ ನಿಲ್ಲಿಸಿದೆ. ಮಗಳು ಸೆಪ್ಟೆಂಬರ್‌ನಲ್ಲಿ ತಾನೇ ಕೇಳಿ ಸೇರಿದಳು, ಎರಡು ವಾರದಲ್ಲಿ ಹಳೆಯದೆಲ್ಲ ಕಾಲಿಗೆ ಬಂತು. ನಿಮ್ಮ ಮನೆಯ ಪರಿಸ್ಥಿತಿ ಹಾಗಿದ್ದರೆ ಬಿಡಿಸಲು ಅಂಜಬೇಡಿ ಅಕ್ಕಾ. ಮಗುವಿಗೇ ಸೋಂಕು ಆಗಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಕುಣಿಸಬೇಡಿ. ಉಸಿರು ಹತ್ತುವುದು, ಎದೆ ನೋವು ಅಂದರೆ ಅಲ್ಲಿಗೇ ನಿಲ್ಲಿಸಿ.

ತಾಳ ಹಾಕಿಸಿ ಲೆಕ್ಕ ಕಲಿಸಿದ ಶಾಲಾ ಶಿಕ್ಷಕಿ

2020ರ ಏಪ್ರಿಲ್ ಹೊತ್ತಿಗೆ 190ರಷ್ಟು ದೇಶಗಳಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಶಾಲೆ ಮುಚ್ಚಿತ್ತು ಅಂತ ಯುನೆಸ್ಕೊ ಹೇಳಿತು. ಇಂಥ ಹೊತ್ತಿನಲ್ಲಿ ಮನೆಯಲ್ಲೇ ಪಾಠ ಮಾಡುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದಿಷ್ಟೇ: ನೃತ್ಯ ಕಲಿಯುವ ಮಗು ಮನೆಯಲ್ಲಿದ್ದರೆ ಲೆಕ್ಕದ ಪಾಠ ಅರ್ಧ ಆಗಿದೆ. ಅದಕ್ಕೆ ಬೇರೆ ವರ್ಕ್‌ಶೀಟ್ ಬೇಡ.

ಆದಿತಾಳ ಹಾಕಿಸಿ. ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ತಟ್ಟಿ ಬೀಸುವುದು ಎರಡು ಸಲ. 4, 2, 2, ಒಟ್ಟು 8. ಈಗ ನೀವು ಆದಿತಾಳ ಹಾಕುತ್ತಿರಿ, ಮಗಳು ಬಾಯಲ್ಲಿ 'ತಕಿಟ' ಹೇಳುತ್ತ ಮೂರಕ್ಕೊಂದು ಹೆಜ್ಜೆ ಹಾಕಲಿ. ನಿಮ್ಮ ತಾಳದ ಮೊದಲ ತಟ್ಟು, ಅವಳ ತಕಿಟದ ಮೊದಲ 'ತ' ಮತ್ತೆ ಒಟ್ಟಿಗೆ ಬೀಳುವುದು ಯಾವಾಗ? 24 ಎಣಿಕೆ ಮುಗಿದ ಮೇಲೆ, ಅಂದರೆ ತಾಳ ಮೂರು ಸುತ್ತು ತಿರುಗಿದ ಮೇಲೆ. 'ತಕತಕಿಟ' ಅಂತ ಐದಕ್ಕೆ ಹಾಕಿದರೆ 40, 'ತಕಿಟತಕಧಿಮಿ' ಅಂತ ಏಳಕ್ಕೆ ಹಾಕಿದರೆ 56. ನನ್ನ ಮಗಳು ಇದನ್ನು ಒಂದು ಮಧ್ಯಾಹ್ನ ಆಟವಾಗಿ ಆಡಿದಳು. 'ತಕಧಿಮಿ' ಅಂತ ನಾಲ್ಕಕ್ಕೆ ಹಾಕಿದಾಗ 32 ಬರುತ್ತದೆ ಅಂದುಕೊಂಡಿದ್ದಳು. ಒಂದೇ ಸುತ್ತಿನಲ್ಲಿ, ಎಂಟಕ್ಕೇ ಕೂಡಿಬಿಟ್ಟಿತು. ಯಾಕೆ ಅಂತ ತಾನೇ ಯೋಚಿಸಿ, ಸ್ವಲ್ಪ ಹೊತ್ತಾದ ಮೇಲೆ ಓಡಿ ಬಂದು "ನಾಲ್ಕು ಎಂಟರ ಒಳಗೇ ಇದೆಯಲ್ಲಮ್ಮ" ಅಂದಳು. ಲಘುತಮ ಸಾಮಾನ್ಯ ಅಪವರ್ತ್ಯ (ಎಲ್‌ಸಿಎಂ) ಅನ್ನುವ ಹೆಸರು ಮುಂದಿನ ತರಗತಿಯಲ್ಲಿ ಬಂದರೆ ಸಾಕು.

ನಿಮ್ಮ 4 ವರ್ಷದವನಿಗೆ ತಕಿಟ ಚಪ್ಪಾಳೆ ಕೊಡಿ. ಅಡ್ಡ ಬರುವ ಕೆಲಸ ಬಿಟ್ಟು ಆಟಕ್ಕೆ ಸೇರುತ್ತಾನೆ. ಆ ವಯಸ್ಸಿನವರು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಕಡಿಮೆಯಾದಷ್ಟೂ ಒಳ್ಳೆಯದಂತೆ. 5ರಿಂದ 17ರವರಿಗೆ ದಿನಕ್ಕೆ 60 ನಿಮಿಷ ಮೈ ದಣಿಯುವಂಥ ಚಟುವಟಿಕೆ ಬೇಕು ಅನ್ನುವುದೂ ಅವರದೇ ಮಾತು. ಆಟದ ಮೈದಾನ ಮುಚ್ಚಿರುವಾಗ ಆ 60 ನಿಮಿಷದಲ್ಲಿ ಸ್ವಲ್ಪವನ್ನಾದರೂ ನೃತ್ಯ ತುಂಬುತ್ತದೆ.

11 ವರ್ಷದ ಹುಡುಗಿಯ ತಾಯಿ

ಹೇಳಲು ಮರೆತದ್ದು, ನೆಲ. ಕಾಂಕ್ರೀಟಿನ ಮೇಲೆ ಹಾಸಿದ ಟೈಲ್ಸ್ ಪೆಟ್ಟನ್ನು ಸ್ವಲ್ಪವೂ ಹೀರಿಕೊಳ್ಳುವುದಿಲ್ಲ, ತಟ್ಟಿದ್ದೆಲ್ಲ ಮೊಣಕಾಲಿಗೆ ವಾಪಸ್ ಬರುತ್ತದೆ. ಜುಲೈನಲ್ಲಿ ಮಗಳ ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯುದ್ದಕ್ಕೂ ನೋವು ಬಂತು. ಯೋಗ ಮ್ಯಾಟ್ ಹಾಕಿದೆ, ಅದು ಜಾರಿ ಇನ್ನೊಂದು ಅನಾಹುತ ಆಗುವುದರಲ್ಲಿತ್ತು. ಈಗ ಜೋರಾಗಿ ತಟ್ಟುವುದು ದಿನಕ್ಕೆ ಹತ್ತೇ ನಿಮಿಷ, ಉಳಿದದ್ದು ಸದ್ದಿಲ್ಲದೆ ಪಾದ ಇಟ್ಟು. ಕೆಳಗಿನ ಮನೆಯವರಿಗೂ ನೆಮ್ಮದಿ. ತೊಡೆ ನೋಯುತ್ತಿದ್ದರೆ ಅದು ಸಾಮಾನ್ಯವಾಗಿ ಅರಮಂಡಿಯ ದಣಿವು, ಕೆಲವು ದಿನದಲ್ಲಿ ಹೋಗುತ್ತದೆ. ಮೂಳೆಯ ಮೇಲೆ ಬೆರಳಿಟ್ಟು "ಇಲ್ಲೇ" ಅಂತ ತೋರಿಸುವ ನೋವಾದರೆ ಕುಣಿಯುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಕೇಳಿದವರು

ಎಲ್ಲರಿಗೂ ಕೈ ಮುಗಿದೆ. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ.

ಗುರುಗಳು 25 ನಿಮಿಷಕ್ಕೆ ಒಪ್ಪಿದರು, ಶುಲ್ಕ ಹಾಗೇ ಇರಲಿ ಅಂತ ನಾವೇ ಹೇಳಿದೆವು. ಅವರ ದನಿಯ ಸೊಲ್ಲುಕಟ್ಟು ಬಂದಿದೆ. ಮೊದಲ ದಿನ ಮಗಳು ಕುಣಿಯಲೇ ಇಲ್ಲ, ಗೋಡೆಗೆ ಒರಗಿ ಕೂತು ಬರೀ ಕೇಳಿದಳು. ನಾನು ಏನೂ ಅನ್ನಲಿಲ್ಲ. ಮೂರನೇ ದಿನ ಎದ್ದಳು. ಕ್ಲಾಸಿನ ದಿನ ಈಗಲೂ ಮುಖ ಸಪ್ಪಗಿರುತ್ತದೆ, ಆದರೆ ಅಳು ನಿಂತಿದೆ. ಮಗ ತಕಿಟ ಬಿಟ್ಟು ಬೇರೇನೂ ಹೇಳುತ್ತಿಲ್ಲ, ಮೆಟ್ಟಿಲು ಹತ್ತುವಾಗಲೂ ಅದೇ.

ನಿನ್ನೆ ಪಕ್ಕಕ್ಕೆ ತಿರುಗಿಸಿ ವಿಡಿಯೊ ಮಾಡಿದೆ. ಅರಮಂಡಿಯಲ್ಲಿ ಸೊಂಟ ನಿಜವಾಗಿಯೂ ಹಿಂದಕ್ಕೆ ಹೋಗಿದೆ, ಗುರುಗಳಿಗೆ ಕಳಿಸಿದ್ದೇನೆ. ಗೋಡೆಗೆ ಬೆನ್ನು ಹಚ್ಚಿ ಅರಮಂಡಿಯಲ್ಲಿ ನಿಲ್ಲಿಸಲು ಹೇಳಿದ್ದಾರೆ, ಇವತ್ತು ಸಂಜೆಯಿಂದ ಶುರು.