24 ಫ್ರೆಟ್ ಗಿಟಾರ್: ನೆಕ್ ಪಿಕಪ್‌ನ ನಾದ ತುಂಬಿ ಬರುತ್ತಿಲ್ಲ, ಎರಡೂ ಪಿಕಪ್ ಸೇರಿದಾಗ ಧ್ವನಿ ಸೊರಗುತ್ತದೆ

ಪ್ರಶ್ನೆ (ವಿರಾಜಪೇಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದಲ್ಲಿ ಗಾಳಿಗೆ ಉರುಳಿದ ಹಲಸಿನ ಮರವನ್ನು ಕೊಯ್ಯಿಸಿ, ಹಲಗೆಗಳನ್ನು ಮೂರು ವರ್ಷ ಅಟ್ಟದ ಮೇಲೆ ಒಣಗಿಸಿ, ಅದರಿಂದ ಎಲೆಕ್ಟ್ರಿಕ್ ಗಿಟಾರಿನ ಬಾಡಿ ಮಾಡಿದ್ದೇನೆ. ನಟ್‌ನಿಂದ (ತಲೆಯ ಕಡೆ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಬಾಡಿಯ ಮೇಲೆ ತಂತಿ ಕೂರುವ ಕುದುರೆ) ತಂತಿಯ ಉದ್ದ 25.5 ಇಂಚು, ಎಂದರೆ 647.7 ಮಿ.ಮೀ.; ಫ್ರೆಟ್‌ಗಳು 24. ಎರಡು ಹಂಬಕರ್‌ಗಳಲ್ಲಿ (ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳಲ್ಲಿ, ಗುಂಯ್ ಸದ್ದು ತಗ್ಗಿಸಲು ಎರಡು ಕಾಯಿಲ್ ಇರುವ ಬಗೆ) ಒಂದನ್ನು, ಎಂದರೆ ನೆಕ್ ಪಿಕಪ್ಪನ್ನು, ಫಿಂಗರ್‌ಬೋರ್ಡ್‌ನ ಅಂಚಿಗೆ ತಾಗಿಸಿ, ಅದರ ಮಧ್ಯರೇಖೆ ಬ್ರಿಡ್ಜ್‌ನಿಂದ 135 ಮಿ.ಮೀ. ದೂರ ಬರುವಂತೆ ಕೂರಿಸಿದ್ದೇನೆ; ಇನ್ನೊಂದು 45 ಮಿ.ಮೀ. ದೂರದಲ್ಲಿದೆ.

ಅಣ್ಣನ 22 ಫ್ರೆಟ್ ಗಿಟಾರಿನ ನೆಕ್ ಪಿಕಪ್‌ನಲ್ಲಿ ಕೇಳುವ ದುಂಡಾದ ನಾದ ನನ್ನದರಲ್ಲಿ ಬರುತ್ತಿಲ್ಲ. ಎರಡೂ ಪಿಕಪ್‌ಗಳನ್ನು ಸೇರಿಸಿದರೆ ಧ್ವನಿ ಹೆಚ್ಚುವ ಬದಲು ತಗ್ಗಿ, ಮೂಗಿನಲ್ಲಿ ಹಾಡಿದಂತೆ ಕೇಳುತ್ತದೆ. ಇದು ಹಲಸಿನ ಮರದ ದೋಷವೇ, ಅಥವಾ ಪಿಕಪ್ ಇಟ್ಟ ಜಾಗದ್ದೇ? ಜಾಗದ್ದಾದರೆ ಗುಂಡಿಯನ್ನು ಮತ್ತೆ ಕೊರೆಯಲೂ ನಾನು ಸಿದ್ಧನಿದ್ದೇನೆ.

ಉತ್ತರ (ಸೋಮವಾರಪೇಟೆ)

ದಯವಿಟ್ಟು ಈಗಲೇ ಉಳಿ ಹಿಡಿಯಬೇಡಿ. ವೀಣೆ, ಮೃದಂಗಗಳಿಗೆ ತಲೆಮಾರುಗಳಿಂದ ಒಗ್ಗಿದ ಮರ ಹಲಸು; ಅದರ ಮೇಲೆ ಅನುಮಾನ ಬೇಡ. ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆಗಳು, ಮತ್ತು ಜಾಗಕ್ಕೆ ಸಂಬಂಧಿಸಿದ್ದು ಮೊದಲನೆಯದು ಮಾತ್ರ.

ತಂತಿ ಮಿಡಿಯುವಾಗ ಇಡಿಯಾಗಿ ಮಾತ್ರವಲ್ಲ, ಎರಡು, ಮೂರು, ನಾಲ್ಕು ಭಾಗಗಳಾಗಿಯೂ ಏಕಕಾಲಕ್ಕೆ ಅಲುಗುತ್ತದೆ, ಮತ್ತು ಪಿಕಪ್ ತನ್ನ ನೇರಕ್ಕಿರುವ ತಂತಿಯ ಅಲುಗಾಟವನ್ನಷ್ಟೇ ಹಿಡಿಯುತ್ತದೆ. ತೆರೆದ ತಂತಿಯಲ್ಲಿ ಬ್ರಿಡ್ಜ್‌ನಿಂದ ಕಾಲು ಭಾಗದ ದೂರ, ನಿಮ್ಮ ಅಳತೆಯಲ್ಲಿ 162 ಮಿ.ಮೀ., ನಾಲ್ಕನೆಯ ಹಾರ್ಮೋನಿಕ್ (ತಂತಿ ನಾಲ್ಕು ಭಾಗಗಳಾಗಿ ಅಲುಗುವಾಗ ಹುಟ್ಟುವ ಮೇಲಿನ ಸ್ವರ) ಅಲುಗದ ಬಿಂದು. ಅಲ್ಲಿಗೆ ಹತ್ತಿರ ಕುಳಿತ ಪಿಕಪ್‌ಗೆ ಆ ಮೇಲಿನ ಸ್ವರ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಆದ್ದರಿಂದಲೇ ನಾದ ದುಂಡಗಾಗುತ್ತದೆ. ಆದರೆ 24ನೇ ಫ್ರೆಟ್ ಇರುವುದೂ ಸರಿಯಾಗಿ ಅದೇ ಬಿಂದುವಿನಲ್ಲಿ. 22ನೇ ಫ್ರೆಟ್ ಬ್ರಿಡ್ಜ್‌ನಿಂದ ಸುಮಾರು 182 ಮಿ.ಮೀ. ದೂರದಲ್ಲಿರುವುದರಿಂದ, ಅಣ್ಣನ ಗಿಟಾರಿನ ಅಳತೆಯೂ 25.5 ಇಂಚೇ ಆಗಿದ್ದರೆ, ಅವರ ಪಿಕಪ್‌ಗೆ ನಿಮ್ಮದಕ್ಕಿಂತ 20 ಮಿ.ಮೀ. ಹಿಂದೆ, 155ರ ಆಸುಪಾಸಿನಲ್ಲಿ, ಜಾಗ ಸಿಕ್ಕಿರುತ್ತದೆ.

ಆ 20 ಮಿ.ಮೀ.ನಲ್ಲಿ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದೆ. ಪ್ರತಿ ಸ್ವರವೂ ತಾನು ಅತಿ ಹೆಚ್ಚು ಅಲುಗುವಲ್ಲಿ ಎಷ್ಟಿರುತ್ತದೋ ಅದನ್ನು 1 ಎಂದುಕೊಂಡರೆ, ಮೂಲ ಸ್ವರ 155ರಲ್ಲಿ 0.68, 135ರಲ್ಲಿ 0.61, ಇಳಿದದ್ದು ಸ್ವಲ್ಪವೇ. ನಾಲ್ಕನೆಯ ಹಾರ್ಮೋನಿಕ್ ಮಾತ್ರ 0.13ರಿಂದ 0.5ಕ್ಕೆ ಏರುತ್ತದೆ. ಅಂದರೆ ನಿಮ್ಮ ಗಿಟಾರಿನಲ್ಲಿ ಮಂದ್ರ ಕಡಿಮೆಯಾಗಿಲ್ಲ, ಮೇಲಿನ ಸ್ವರಗಳು ಅದರ ಮೇಲೆ ಬಂದು ಕುಳಿತಿವೆ. ಬ್ರಿಡ್ಜ್ ಬಳಿ 45 ಮಿ.ಮೀ.ನಲ್ಲಿ ಮೂಲ ಸ್ವರ 0.22 ಮಾತ್ರ, ಆ ಪಿಕಪ್‌ಗೆ ಹೆಚ್ಚು ಸುತ್ತು ಸುತ್ತುವುದು ಮತ್ತು ಅದನ್ನು ತಂತಿಗೆ ಹತ್ತಿರ ಏರಿಸುವುದು ಇದೇ ಕಾರಣಕ್ಕೆ. ಹಂಬಕರ್‌ನ ಎರಡು ಸಾಲುಗಳ ನಡುವೆ ಸುಮಾರು 18 ಮಿ.ಮೀ. ಅಂತರವಿರುವುದರಿಂದ ನಿಜವಾದ ಧ್ವನಿ ಈ ಅಂಕಿಗಳಷ್ಟು ಕಡಿದು ತೋರುವುದಿಲ್ಲ, ಆದರೂ ಅದು ವಾಲುವುದು ಈ ಕಡೆಗೇ. 162ನ್ನು ಮಂತ್ರದ ಅಂಕಿಯೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ: 5ನೇ ಫ್ರೆಟ್ ಒತ್ತಿದೊಡನೆ ತಂತಿ ಗಿಡ್ಡವಾಗಿ ಅದೇ ಬಿಂದು 121 ಮಿ.ಮೀ.ಗೆ ಸರಿಯುತ್ತದೆ.

ಸೇರಿಸಿದಾಗ ಧ್ವನಿ ತಗ್ಗುವುದು ವೈರಿಂಗ್‌ನ ದೋಷವೇ ಇರಬೇಕು: ಎರಡು ಪಿಕಪ್‌ಗಳು ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿವೆ, ಎಂದರೆ ಒಂದರ ಸಂಕೇತ ಏರುವಾಗ ಇನ್ನೊಂದರದು ಇಳಿದು ಪರಸ್ಪರ ಅಳಿಸಿಕೊಳ್ಳುತ್ತಿವೆ. ಪಿಕಪ್‌ಗಳನ್ನು ಸ್ವಿಚ್‌ನಿಂದ ಬಿಡಿಸಿ, ಮುಳ್ಳು ಇರುವ ಮಲ್ಟಿಮೀಟರನ್ನು ಅತಿ ಚಿಕ್ಕ ಡಿ.ಸಿ. ಕರೆಂಟ್ ರೇಂಜಿಗೆ ತಿರುಗಿಸಿ, ಕಬ್ಬಿಣದ ಸ್ಕ್ರೂಡ್ರೈವರನ್ನು ಪಿಕಪ್‌ನ ಮೇಲೆ ಮೆಲ್ಲನೆ ಇಟ್ಟು ಥಟ್ಟನೆ ಎತ್ತಿ. ಮುಳ್ಳು ಒಂದರಲ್ಲಿ ಬಲಕ್ಕೂ ಇನ್ನೊಂದರಲ್ಲಿ ಎಡಕ್ಕೂ ಹಾರಿದರೆ ಒಂದು ಪಿಕಪ್‌ನ ಎರಡು ತುದಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿ. ಹೊರಗಿನ ಹೆಣಿಗೆಯ ಬರಿ ತಂತಿ ಮಾತ್ರ ಯಾವಾಗಲೂ ಗ್ರೌಂಡ್‌ನಲ್ಲೇ ಇರಲಿ. ವೈರ್‌ಗಳ ಬಣ್ಣ ಒಂದೊಂದು ಕಂಪನಿಯದು ಒಂದೊಂದು ತೆರ, ಆದ್ದರಿಂದ ಬಣ್ಣ ನೋಡಿ ನಿರ್ಧರಿಸಬೇಡಿ.

ಮರುಪ್ರಶ್ನೆ (ವಿರಾಜಪೇಟೆ)

ಸರ್, ಮುಳ್ಳು ನೀವು ಹೇಳಿದಂತೆಯೇ ಎದುರುಬದುರಾಗಿ ಹಾರಿತು. ಬೆಸುಗೆ ಬದಲಿಸಿದ ಮೇಲೆ ಎರಡೂ ಸೇರಿದ ಧ್ವನಿ ತುಂಬಿಕೊಂಡು ಬರುತ್ತಿದೆ. ಮೊದಲ ಬಾರಿ ಕೇಳಿದಾಗ ಇದು ನನ್ನದೇ ಗಿಟಾರೇ ಎಂದು ಕೈ ತಡೆದು ನಿಂತೆ. ಆದರೆ ಫಿಂಗರ್‌ಬೋರ್ಡ್ ಅಡ್ಡವಿರುವುದರಿಂದ ನೆಕ್ ಪಿಕಪ್ಪನ್ನು ಹಿಂದಕ್ಕೆ ಸರಿಸಲು ಜಾಗವೇ ಇಲ್ಲ. ಬೇರೆ ದಾರಿ ಇದೆಯೇ?

ಉತ್ತರ (ಸೋಮವಾರಪೇಟೆ)

ಇದೆ. ಆ ಹಂಬಕರ್‌ಗೆ ನಾಲ್ಕು ವೈರ್‌ಗಳಿದ್ದರೆ ವಾಲ್ಯೂಮ್ ಗುಂಡಿಯಲ್ಲಿ ಎಳೆಯುವ ಸ್ವಿಚ್ ಇಟ್ಟು, ನೆಕ್ ಕಡೆಯ ಕಾಯಿಲ್ ಒಂದೇ ಉಳಿಯುವಂತೆ ಮಾಡಿ. ಆಗ ಪಿಕಪ್ ಕೇಳುವ ಜಾಗ 144 ಮಿ.ಮೀ.ಗೆ ಸರಿದು, ನಾಲ್ಕನೆಯ ಹಾರ್ಮೋನಿಕ್ 0.5ರಿಂದ 0.34ಕ್ಕೆ ಇಳಿಯುತ್ತದೆ. ಧ್ವನಿ ಸ್ವಲ್ಪ ಕುಗ್ಗುತ್ತದೆ, ಗುಂಯ್ ಎನ್ನುವ ಸದ್ದೂ ಮರಳಿ ಬರುತ್ತದೆ. ಅದು ಒಪ್ಪದಿದ್ದರೆ ಟೋನ್ ಗುಂಡಿಯನ್ನು ಒಂದಿಷ್ಟು ಇಳಿಸಿ ನುಡಿಸಿ.

ಅದಕ್ಕೂ ಮೊದಲು ಎತ್ತರ ನೋಡಿಕೊಳ್ಳಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ನೆಕ್ ಪಿಕಪ್‌ಗೂ ತಂತಿಗೂ 2.4 ಮಿ.ಮೀ., ಬ್ರಿಡ್ಜ್ ಪಿಕಪ್‌ಗೆ 1.6 ಮಿ.ಮೀ. ಅಂತರದಿಂದ ಶುರುಮಾಡಿ, ಕಿವಿ ಹೇಳಿದಂತೆ ಪಿಕಪ್‌ನ ಎತ್ತರದ ಸ್ಕ್ರೂವನ್ನು ಕಾಲು ತಿರುವು, ಅರ್ಧ ತಿರುವು ಬದಲಿಸಿ. ನಮ್ಮ ಕಡೆ ಜುಲೈ-ಆಗಸ್ಟ್ ಮಳೆಯಲ್ಲಿ ಮರ ತೇವ ಹೀರಿ ನೆಕ್ ಬಾಗುವುದರಿಂದ ಮಳೆಗಾಲದ ಅಳತೆ ಬೇಸಿಗೆಗೆ ಹೊಂದುವುದಿಲ್ಲ; ಮಾರ್ಚ್‌ನಲ್ಲಿ ಮತ್ತೊಮ್ಮೆ ಅಳೆಯಿರಿ. ಆ ಹಲಸಿನ ಹಲಗೆ ಇನ್ನೂ ಉಳಿದಿದ್ದರೆ ಮುಂದಿನದನ್ನು 22 ಫ್ರೆಟ್‌ಗೇ ಮಾಡಿ. ಗುಂಡಿ ಕೊರೆಯುವ ಮುನ್ನ ತಂತಿ ಕಟ್ಟಿ, ಪಿಕಪ್ಪನ್ನು ಒಂದು ಮರದ ಪಟ್ಟಿಗೆ ಅಂಟಿಸಿ, ತಂತಿಗಳ ಮೇಲುಗಡೆಯಿಂದ ತಲೆಕೆಳಗಾಗಿ ಹಿಡಿದು ಹಿಂದೆ ಮುಂದೆ ಸರಿಸುತ್ತಾ ಕೇಳಿ, ಕಿವಿಗೆ ಒಪ್ಪಿದ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿಕೊಳ್ಳಿ.