ಅಪ್‌ಡೇಟ್: ಹವಳಕ್ಕೂ ಕ್ವಾರಂಟೈನ್ ಬೇಕಾ ಅಂತ ಕೇಳಿದ್ದೆ

ಉಪ್ಪುನೀರಿನ ಟ್ಯಾಂಕಿಗೆ ಹೊಸ ಮೀನು, ಹವಳ ತಂದು, ಅದಕ್ಕೆ ಬಿಡುವ ಮೊದಲು ಎರಡನ್ನೂ ಸ್ವಲ್ಪ ದಿನ ಬೇರೆ ಇಡಬೇಕಾ ಅಂತ ಕೇಳಿದ್ದೆ. ಇಡಬೇಕು. ಆದರೆ ಎರಡನ್ನೂ ಒಂದೇ ಕಡೆ ಅಲ್ಲ.

ಮೀನಿಗೆ ತಾಮ್ರದ ಔಷಧಿ ನಡೀತಿದೆ. ಹವಳಕ್ಕೆ ಅದು ವಿಷ. ಮೀನಿನ ಟ್ಯಾಂಕಿನಲ್ಲಿ ಕಲ್ಲು, ಮರಳು ಇಟ್ಟಿಲ್ಲ, ಅವು ತಾಮ್ರ ಹೀರಿಕೊಳ್ಳುತ್ತವೆ. ಅಡಗಲು ಪಿವಿಸಿ ಪೈಪ್ ತುಂಡು ಸಾಕು. ಊಟ ಬಿಟ್ಟಿದ್ದ ಟ್ಯಾಂಗ್ ಮೀನು ಈಗ ನೋರಿ (ಒಣಗಿಸಿದ ಕಡಲಪಾಚಿ) ಕಂಡರೆ ನುಗ್ಗಿ ಬರುತ್ತದೆ.

ಹವಳದ ಕಥೆಯೇ ಬೇರೆ. ಬಿಳಿ ಚುಕ್ಕೆ ರೋಗದ ಪರಾವಲಂಬಿಗೆ ಹವಳದ ಮೈ ಆಗುವುದಿಲ್ಲ, ಮೀನೇ ಬೇಕು. ಆದರೆ ಆ ಪರಾವಲಂಬಿಯ ಗಟ್ಟಿ ಕವಚದ ಕೋಶಗಳು (ಸಿಸ್ಟ್) ಹವಳ ಅಂಟಿಸಿದ ಪುಟ್ಟ ಬಿಲ್ಲೆ, ಅಂದರೆ ಪ್ಲಗ್ ಮೇಲೆ ಗಟ್ಟಿಯಾಗಿ ಕೂತಿರಬಹುದು. ಡಿಪ್ ಮಾಡಿದರೆ (ಔಷಧಿ ನೀರಿನಲ್ಲಿ ಅದ್ದಿ ತೆಗೆದರೆ) ಹೋಗುತ್ತೆ ಅಂತ ನಂಬಬೇಡಿ. ಅದಕ್ಕೇ ಮೀನಿಲ್ಲದ ಟ್ಯಾಂಕಿನಲ್ಲಿ 76 ದಿನ ಇಡಿ ಅನ್ನುತ್ತಾರೆ. ಜಾಸ್ತಿ ಅನಿಸುತ್ತೆ, ಅಲ್ವಾ? ಹವಳ ತಿನ್ನುವ ಹುಳುಗಳ ಮೊಟ್ಟೆಗೂ ಡಿಪ್ ನಾಟುವುದಿಲ್ಲ. ಮರಿ ಹೊರಬಂದ ಮೇಲೆ ಮತ್ತೆ ಅದ್ದಬೇಕು. ಹಳೇ ಪ್ಲಗ್‌ಗಳನ್ನು ನಾನು ಕತ್ತರಿಸಿ ಬಿಸಾಡಿದೆ.

ಬೆಂಗಳೂರಿನಿಂದ ಕೇಳಿದವರಿಗೆ: ನಾನಿರುವುದು ಅಮೆರಿಕದಲ್ಲಿ, ನನ್ನವು ಟ್ಯಾಂಕಿನಲ್ಲೇ ಬೆಳೆಸಿದ ಹವಳ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಹವಳಗಳನ್ನು ರಕ್ಷಿಸುತ್ತದೆ. ಸುಮ್ನೆ ಕೊಳ್ಳಲು ಹೋಗಬೇಡಿ.