ಪ್ರೊಪೆಲ್ಲರ್ ಆಪ್ಟಿಮೈಸೇಶನ್: ಜೆನೆಟಿಕ್ ಅಲ್ಗಾರಿದಮ್ ಮಿತಿಯ ಅಂಚಿಗೇ ಹೋಗಿ ಕೂರುತ್ತೆ, ಯಾಕೆ?

ಮೆಕ್_ಮೈಸೂರು
ಕರಾವಳಿಯ ಮೀನುಗಾರಿಕೆ ದೋಣಿಗೆ ಪ್ರೊಪೆಲ್ಲರ್ ಡಿಸೈನು, ಫೈನಲ್ ಇಯರ್ ಪ್ರಾಜೆಕ್ಟು. ವೇಗ 8 ನಾಟ್, ವೇಕ್ ಫ್ರ್ಯಾಕ್ಷನ್ (ದೋಣಿಯ ಹಿಂದೆ ನೀರಿನ ವೇಗ ಕಮ್ಮಿಯಾಗುವ ಪಾಲು) 0.2, ಬೇಕಾದ ಥ್ರಸ್ಟ್ 8 ಕಿಲೋನ್ಯೂಟನ್, ವ್ಯಾಸ 1 ಮೀಟರ್, ಬ್ಲೇಡು ನಾಲ್ಕು, ಒಂದೇ ಶಾಫ್ಟು, ಅದೂ ನೀರಿನ ಮೇಲ್ಮೈಯಿಂದ 1.2 ಮೀಟರ್ ಕೆಳಗೆ. ವಾಗೆನಿಂಗನ್ ಬಿ-ಸೀರೀಸ್ (ಮಾಡೆಲ್ ಪ್ರೊಪೆಲ್ಲರ್‌ಗಳ ಪರೀಕ್ಷಾ ಸರಣಿ) ಪಾಲಿನಾಮಿಯಲ್ ಹಾಕಿ, ಪಿಚ್ ಅನುಪಾತ (ಪಿಚ್ ÷ ವ್ಯಾಸ), ಏರಿಯಾ ಅನುಪಾತ (ಬ್ಲೇಡುಗಳ ವಿಸ್ತೀರ್ಣ ÷ ಪೂರ್ತಿ ವೃತ್ತದ ವಿಸ್ತೀರ್ಣ), ಆರ್‌ಪಿಎಂ ಮೂರನ್ನೂ ಹುಡುಕಲು ಜೆನೆಟಿಕ್ ಅಲ್ಗಾರಿದಮ್‌ಗೆ (ಜಿಎ) ಬಿಟ್ಟಿದ್ದೀನಿ. ಥ್ರಸ್ಟ್ ಕಮ್ಮಿಯಾದರೆ ಪೆನಾಲ್ಟಿ ಇದೆ. ಆದರೂ ಪ್ರತಿ ಸಲ ಪಿಚ್ 1.4 (ನಾನಿಟ್ಟ ಮೇಲ್ಮಿತಿ), ಏರಿಯಾ 0.3 (ಕೆಳಮಿತಿ), ಎಫಿಷಿಯೆನ್ಸಿ 0.78. ಪಾಪ್ಯುಲೇಶನ್ (ಒಂದು ಪೀಳಿಗೆಯಲ್ಲಿರುವ ಡಿಸೈನುಗಳ ಸಂಖ್ಯೆ) ಜಾಸ್ತಿ ಮಾಡಬೇಕಾ? ಹಾಗೇ, 12 ಸೆಂ.ಮೀ. ಮಾಡೆಲ್ 3ಡಿ ಪ್ರಿಂಟ್ ಮಾಡಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಟೆಸ್ಟ್ ಮಾಡಬಹುದಾ?

ಸುಳಿಗಾಳಿ
ಪಾಪ್ಯುಲೇಶನ್ ಮುಟ್ಟಬೇಡಿ. ಆ 0.78 ಸಾಧ್ಯವೇ ಇಲ್ಲ ಕಣ್ರೀ. ಪ್ರೊಪೆಲ್ಲರ್‌ಗೆ ಬರುವ ನೀರಿನ ವೇಗ ಸೆಕೆಂಡಿಗೆ 3.29 ಮೀಟರ್, ಸಮುದ್ರದ ನೀರು ಘನ ಮೀಟರಿಗೆ 1025 ಕೆಜಿ ಎಂದು ಹಿಡಿದರೆ ಥ್ರಸ್ಟ್ ಲೋಡಿಂಗ್ (ಪ್ರೊಪೆಲ್ಲರ್ ವೃತ್ತದ ಮೇಲಿನ ಹೊರೆಯ ಅಳತೆ) 1.84. ಆದರ್ಶ ಎಫಿಷಿಯೆನ್ಸಿ 2/(1+√2.84), ಅಂದರೆ 0.745. ಘರ್ಷಣೆಯೇ ಇಲ್ಲದಿದ್ದರೂ ಅದನ್ನು ದಾಟಲ್ಲ. 0.6ರ ಹತ್ತಿರ ಬಂದರೆ ನಂಬಿ.

ಪೆನಾಲ್ಟಿ ಸಾಲದೆ, ಜಿಎ ಥ್ರಸ್ಟ್ ಬಿಟ್ಟುಕೊಟ್ಟು ಎಫಿಷಿಯೆನ್ಸಿ ಕೊಳ್ಳುತ್ತಿದೆ. ಆರ್‌ಪಿಎಂ ಅನ್ನು ವೇರಿಯಬಲ್ ಪಟ್ಟಿಯಿಂದಲೇ ತೆಗೆಯಿರಿ. ಥ್ರಸ್ಟ್, ವ್ಯಾಸ, ವೇಗ ಗೊತ್ತಿದ್ದರೆ ಕೆಟಿ/ಜೆ² ಸ್ಥಿರ, ನಿಮಗೆ 0.72 (ಕೆಟಿ ಅಂದರೆ ಥ್ರಸ್ಟ್ ಗುಣಾಂಕ, ಜೆ ಅಂದರೆ ಒಂದು ಸುತ್ತಿಗೆ ನೀರಿನಲ್ಲಿ ಮುಂದೆ ಹೋಗುವ ದೂರ ÷ ವ್ಯಾಸ). ಕೆಟಿ ಕರ್ವು 0.72ಜೆ² ಅನ್ನು ಎಲ್ಲಿ ಕತ್ತರಿಸುತ್ತೋ ಆ ಜೆ ಹುಡುಕಿ. ಒಂದು ಇಳಿಯುತ್ತೆ, ಇನ್ನೊಂದು ಏರುತ್ತೆ, ಹಾಗಾಗಿ ಒಂದೇ ಬಿಂದು, ಬೈಸೆಕ್ಷನ್ (ವ್ಯಾಪ್ತಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕೋದು) ಸಾಕು. ಆಮೇಲೆ ಆರ್‌ಪಿಎಂ = 60 × 3.29/(ಜೆ × ವ್ಯಾಸ). ಥ್ರಸ್ಟ್ ತಾನೇ ಸರಿಹೋಗುತ್ತೆ, ಪೆನಾಲ್ಟಿಯ ಗೊಡವೆಯೇ ಇಲ್ಲ. ಬಂದ ಆರ್‌ಪಿಎಂ ನಿಮ್ಮ ಎಂಜಿನ್-ಗೇರ್‌ಬಾಕ್ಸ್ ಅನುಪಾತಕ್ಕೆ ಹೊಂದುತ್ತಾ ನೋಡಿ, ಗೇರ್‌ಬಾಕ್ಸು ಬೇಕಾದ ಅನುಪಾತದಲ್ಲೆಲ್ಲ ಸಿಗಲ್ಲ.

ಏರಿಯಾ 0.3 ಇನ್ನೊಂದು ತಪ್ಪು. ನಾಲ್ಕು ಬ್ಲೇಡಿಗೆ ಆ ಸೀರೀಸಿನ ಪರೀಕ್ಷೆಗಳು 0.40ರಿಂದ 1.00ರವರೆಗೆ ಮಾತ್ರ, ಹೊರಗೆ ಪಾಲಿನಾಮಿಯಲ್ ಬಾಯಿಗೆ ಬಂದದ್ದು ಹೇಳುತ್ತೆ. ಕ್ಯಾವಿಟೇಶನ್‌ಗೆ (ಒತ್ತಡ ತೀರ ಇಳಿದು ಬ್ಲೇಡಿನ ಮೇಲೆ ಆವಿಯ ಗುಳ್ಳೆ ಏಳೋದು) ಕೆಲ್ಲರ್ ಸೂತ್ರ ಹಾಕಿ, ಅದನ್ನು ತಡೆಯಲು ಬೇಕಾದ ಕನಿಷ್ಠ ಏರಿಯಾ ಸಿಗುತ್ತೆ: (1.3+0.3×4)×8000/(109600×1²)+0.2, ಸುಮಾರು 0.38 (4 ಬ್ಲೇಡು; 109600 ಅಂದರೆ ಶಾಫ್ಟಿನ ಆಳದ ಒತ್ತಡದಿಂದ ಆವಿಯ ಒತ್ತಡ ಕಳೆದದ್ದು, ಪಾಸ್ಕಲ್‌ನಲ್ಲಿ; 0.2 ಒಂದೇ ಶಾಫ್ಟಿಗೆ). ಹಾಗಾಗಿ ಕೆಳಮಿತಿ 0.40.

ಗ್ರಿಡ್_ಭಕ್ತ
ಉಳಿದಿದ್ದು ಎರಡೇ ವೇರಿಯಬಲ್. ಪಿಚ್ 0.5ರಿಂದ 1.4ಕ್ಕೆ 0.01ರ ಹೆಜ್ಜೆ, ಏರಿಯಾ 0.40ರಿಂದ 1.00ಕ್ಕೆ 0.05ರ ಹೆಜ್ಜೆ: 91×13, ಒಟ್ಟು 1183 ಲೆಕ್ಕ. ಎರಡು ಫಾರ್ ಲೂಪು, ಮುಗೀತು. ಇದಕ್ಕೆ ಜಿಎ ಯಾಕೆ?

ಜಿಎ ಬೇಕೇ ಬೇಕು ಅಂತ ಗೈಡ್ ಹಟ ಹಿಡಿದರೆ, ಪಿಚ್, ಕ್ಯಾಂಬರ್ (ಬ್ಲೇಡಿನ ಅಡ್ಡಕೊಯ್ತದ ಬಾಗು), ಅಗಲ, ಸ್ಕ್ಯೂ (ಬ್ಲೇಡು ಹಿಂದಕ್ಕೆ ಬಾಗಿರೋದು) ನಾಲ್ಕನ್ನೂ ತ್ರಿಜ್ಯದುದ್ದಕ್ಕೂ ಬದಲಾಗಲು ಬಿಡಿ: ಒಂದೊಂದಕ್ಕೂ ಬಿ-ಸ್ಪ್ಲೈನಿನ (ನಯವಾದ ಕರ್ವು) 4–5 ಕಂಟ್ರೋಲ್ ಪಾಯಿಂಟು, ಒಟ್ಟು 16–20 ವೇರಿಯಬಲ್. ಆಗ ಬಿ-ಸೀರೀಸ್ ನಡೆಯಲ್ಲ, ಬ್ಲೇಡಿನ ಸುತ್ತಲಿನ ಹರಿವನ್ನೇ ಲೆಕ್ಕ ಹಾಕುವ ವೋರ್ಟೆಕ್ಸ್ ಲ್ಯಾಟಿಸ್ ಅಥವಾ ಪ್ಯಾನೆಲ್ ಕೋಡು ಬೇಕು. ಎಫಿಷಿಯೆನ್ಸಿಗೂ ಕ್ಯಾವಿಟೇಶನ್‌ಗೂ ಜಗಳ ಇರೋದರಿಂದ ಎನ್‌ಎಸ್‌ಜಿಎ-2 (ಒಂದಕ್ಕಿಂತ ಹೆಚ್ಚು ಗುರಿಗಳಿಗೆ ನಡೆಯುವ ಜಿಎ) ಹಾಕಿ, ಪಾರೆಟೊ ಗೆರೆಯಿಂದ (ಒಂದನ್ನು ಕೆಡಿಸದೆ ಇನ್ನೊಂದನ್ನು ಸುಧಾರಿಸಲಾಗದ ಡಿಸೈನುಗಳು) ಆರಿಸಿ. ಬ್ಲೇಡಿನ ದಪ್ಪವನ್ನೂ ಬದಲಾಗಲು ಬಿಟ್ಟರೆ ಅದಕ್ಕೆ ಬಲದ ಮಿತಿ ಕಡ್ಡಾಯ. ಇಲ್ಲದಿದ್ದರೆ ಅಲ್ಗಾರಿದಮ್ ಬ್ಲೇಡನ್ನು ತಗಡಿನಷ್ಟು ತೆಳ್ಳಗೆ ಮಾಡಿ ಎಫಿಷಿಯೆನ್ಸಿ ತೋರಿಸುತ್ತೆ.

ಮಂಡ್ಯ_ನಾಲೆ
ನಾಲೆ ಬೇಡ. ಅಲ್ಲಿ ದಡದಲ್ಲೊಂದು ವೇಗ, ನಡುವೆ ಇನ್ನೊಂದು, ಜೊತೆಗೆ ಕಸ, ಜೊಂಡು. ಜೆ ಎಷ್ಟು ಅಂತಲೇ ಗೊತ್ತಾಗಲ್ಲ. ಇಳಿಯೋದೂ ಅಪಾಯ. ಅದೆಲ್ಲ ಬಿಟ್ಟರೂ ರೆನಾಲ್ಡ್ಸ್ ಸಂಖ್ಯೆ (ಹರಿವಿನಲ್ಲಿ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) ಹೊಂದಲ್ಲ: 12 ಸೆಂ.ಮೀ. ಮಾಡೆಲ್ಲು ಸೆಕೆಂಡಿಗೆ 20 ಸುತ್ತು ತಿರುಗಿದರೂ, ಬ್ಲೇಡಿನ ಅಗಲ 3.2 ಸೆಂ.ಮೀ. ಇದ್ದರೆ, ಸುಮಾರು 2 ಲಕ್ಷ. ಪಾಲಿನಾಮಿಯಲ್ ಇರೋದು 20 ಲಕ್ಷಕ್ಕೆ. ಡ್ರ್ಯಾಗು ಜಾಸ್ತಿ ಬಂದು, ಸರಿಯಾದ ಡಿಸೈನೇ ತಪ್ಪು ಅನ್ನಿಸುತ್ತೆ. ಕೋಡಿನ ಪರೀಕ್ಷೆಗೆ ಪ್ರಕಟವಾದ ಬಿ-ಸೀರೀಸ್ ಚಾರ್ಟಿನ ನಾಲ್ಕೈದು ಬಿಂದುಗಳನ್ನು ಓದಿ ಹೋಲಿಸಿ. ಕೆಟಿ ಸೂತ್ರದಲ್ಲಿ 39 ಪದ, ಕೆಕ್ಯೂದಲ್ಲಿ (ಟಾರ್ಕ್ ಗುಣಾಂಕ) 47. ಟೈಪ್ ಮಾಡುವಾಗ ಒಂದು ಮೈನಸ್ ಬಿಟ್ಟುಹೋದರೂ ಅಲ್ಲೇ ಸಿಕ್ಕಿಬೀಳುತ್ತೆ.